ಡಿಕ್ಕಿಯ ಕಾರ್ಪೆಟ್ ಕೆಳಗಿನ ಗಂಟು

ಕಾರ್ಬುರೇಟರ್ ಜೆಟ್‌ಗಳ ಮಾತನ್ನು ಈ ವಾರ ಮುಗಿಸುತ್ತೇನೆ ಅಂದಿದ್ದೆ. ಆಗಲಿಲ್ಲ. ಗೆಳೆಯರೊಬ್ಬರ ಹಳೆಯ ಮಾರುತಿ 800 ನಡುವೆ ಬಂದು ನಿಂತಿತು. ಗಾಡಿ ಗಟ್ಟಿಮುಟ್ಟಾಗಿದೆ, ಆದರೆ ರಿವರ್ಸ್ ಹಾಕಿದರೆ ಹಿಂದಿನ ಬಿಳಿ ದೀಪ ಜಪ್ಪಯ್ಯ ಅಂದರೂ ಹತ್ತುವುದಿಲ್ಲ. ಗೇರ್‌ಬಾಕ್ಸಿನ ಸ್ವಿಚ್ ಬದಲಿಸಿ ಒಬ್ಬ ಮೆಕ್ಯಾನಿಕ್ ಆಗಲೇ ದುಡ್ಡು ಎಣಿಸಿಕೊಂಡು ಹೋಗಿದ್ದಾನೆ.

ಸರ್ಕ್ಯೂಟನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸ್ವಿಚ್ಚಿನ ಮೇಲೆ ಅನುಮಾನವಿದ್ದರೆ ಇಗ್ನಿಷನ್ ಆನ್ ಮಾಡಿ, ಸ್ವಿಚ್ಚಿನ ಕಪ್ಲರ್ ಕಳಚಿ, ವೈರಿಂಗ್ ಕಡೆಯ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಸೇರಿಸಿ ನೋಡಬೇಕು. ದೀಪ ಹತ್ತಿದರೆ ಮಾತ್ರ ಹೊಸ ಸ್ವಿಚ್ಚಿನ ಮಾತು. ಇಷ್ಟನ್ನೂ ಮಾಡದೆ ಸ್ಪ್ಯಾನರ್ ಹಿಡಿದರೆ, ವಾಷರ್ ಸರಿಯಾಗಿ ಕೂರದೆ ಗೇರ್ ಆಯಿಲ್ ಜಿನುಗುವ ಹೊಸ ರಗಳೆ ಪುಕ್ಕಟೆ.

ಇನ್ನು ಡಿಜಿಟಲ್ ಮೀಟರ್ ಪಂಥದವರು. ಅವರಿಗೂ ನನಗೂ ಹಳೆಯ ಜಗಳ. ಬಲ್ಬ್ ತೆಗೆದ ಹೋಲ್ಡರಿಗೆ ಮೀಟರ್ ಚುಚ್ಚಿ, ‘12 ವೋಲ್ಟ್ ಬರ್ತಿದೆ ಸಾರ್, ವೈರಿಂಗ್ ಪಕ್ಕಾ ಇದೆ’ ಎಂದುಬಿಡುತ್ತಾರೆ. ಹಸಿರು ಕಿಲುಬು ಹಿಡಿದು ಹೆಸರಿಗಷ್ಟೇ ಅಂಟಿಕೊಂಡ ಜಾಯಿಂಟೂ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೆಂಬಷ್ಟು ಕಡಿಮೆ. 21 ವಾಟಿನ ಬಲ್ಬಿಗೆ ಒಂದೂಮುಕ್ಕಾಲು ಆಂಪಿಯರ್ ಬೇಕು. ಅದನ್ನು ಎಳೆದು ನೋಡಿದಾಗಲೇ ಜಾಯಿಂಟಿನ ಬಂಡವಾಳ ಬಯಲಾಗುವುದು. ಹಳೆಯ ಹೋಲ್ಡರು, 21 ವಾಟಿನ ಬಲ್ಬು, ಎರಡು ವೈರು, ತುದಿಗೆ ಕ್ಲಿಪ್ಪು: ನನ್ನ ಟೆಸ್ಟ್ ಲ್ಯಾಂಪ್ ಇಷ್ಟೇ.

ಆ ಲ್ಯಾಂಪ್ ಹಿಡಿದು ಮುಂದಿನಿಂದ ಹಿಂದಕ್ಕೆ ಬಂದೆವು. ಸ್ವಿಚ್ ದಾಟಿದ ಮೇಲೂ ಜೋರಾಗಿ ಉರಿಯಿತು. ಡಿಕ್ಕಿಯ ಹತ್ತಿರ ಬಂದಾಗ ತಂತಿ ಸಹ ಕೆಂಪಾಗಲಿಲ್ಲ. ಕಾರ್ಪೆಟ್ ಎತ್ತಿದರೆ ಅಂಟು ಕರಗಿದ ಕಪ್ಪು ಟೇಪಿನ ಗಂಟು. ಒಳಗೆ ಬ್ಲೇಡಿನಿಂದ ಸುಲಿದ ವೈರು, ಅದಕ್ಕೆ ಸುತ್ತಿದ ಇನ್ನೊಂದು ವೈರು. ಸೋಲ್ಡರ್ ಇಲ್ಲ. ಆ ಇನ್ನೊಂದು ವೈರಿನ ತುದಿಯಲ್ಲಿ ಎಂದೋ ಸತ್ತ ರಿವರ್ಸ್ ಹಾರ್ನ್!

ಸ್ವಿಚ್ಚಿನ ಮಾತು ಇಲ್ಲಿಗೆ ಬಿಟ್ಟೆ. ಅಸಲಿ ಆರೋಪಿ ಈ ಹಾಡುವ ಪೆಟ್ಟಿಗೆ. ಒಂದು ಕಾಲಕ್ಕೆ ಗಾಡಿ ಹಿಂದಕ್ಕೆ ಬರುತ್ತಿದ್ದರೆ ಇಡೀ ಬೀದಿಗೆ ಸಿನಿಮಾ ಹಾಡು ಕೇಳಬೇಕಿತ್ತು. ಹಾಡು ನಿಂತಿತು, ವೈರ್ ಕೊಯ್ಯುವ ಚಾಳಿ ನಿಲ್ಲಲಿಲ್ಲ. 2019ರ ಜುಲೈಯಿಂದ ಹೊಸ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದ ಮೇಲೆ ಹಳೆಯ ಗಾಡಿಯವರಿಗೂ ಆಸೆ. ಅಕ್ಸೆಸರಿ ಅಂಗಡಿಯವರು ಸೆನ್ಸರಿಗೂ ಕ್ಯಾಮೆರಾಕ್ಕೂ ಕೊಯ್ಯುವುದು ಅದೇ ವೈರನ್ನು. ದೀಪ ಮಂಕಾಯಿತು ಎಂದು ದೂರಿದರೆ, ‘ಎಲ್‌ಇಡಿ ಹಾಕ್ಸಿ ಸಾರ್’ ಎನ್ನುತ್ತಾರೆ. ಎಲ್‌ಇಡಿ ಕಡಿಮೆ ಕರೆಂಟಿಗೇ ಹತ್ತುತ್ತದೆ, ಕೆಟ್ಟ ಜಾಯಿಂಟ್ ಕಾರ್ಪೆಟ್ ಕೆಳಗೆ ಹಾಯಾಗಿ ಕೊಳೆಯುತ್ತಿರುತ್ತದೆ.

ಕಿಲುಬು ಹಿಡಿದಷ್ಟು ವೈರನ್ನು ಕತ್ತರಿಸಿ, ಸೋಲ್ಡರ್ ಮಾಡಿ, ಸ್ಲೀವ್ ತೊಡಿಸಿದೆವು. ದೀಪ ಹತ್ತಿತು. ಗೆಳೆಯರಿಗೆ ಈಗ ಕ್ಯಾಮೆರಾ ಬೇಕಂತೆ. ಹಾಕಿಸಿಕೊಳ್ಳಿ, ಆದರೆ ಬೇರೆ ಫ್ಯೂಸಿಟ್ಟು ರಿಲೇ ಮೂಲಕ ಕರೆಂಟ್ ಕೊಡಿಸಿ ಎಂದಿದ್ದೇನೆ. ರಿಲೇಗೆ ಎಷ್ಟಾಗುತ್ತದೆ ಎಂದು ಚೌಕಾಸಿ ಶುರು ಮಾಡಿದ್ದಾರೆ.