‘ದಿ ಫನ್‌ಹೌಸ್’: ಭಯದ ಆಲಂಬನ

ಭಯವು ರಸವಾಗಿ ಪರಿಣಮಿಸಬೇಕಾದರೆ ಉದ್ದೀಪನ ಸಾಮಗ್ರಿಯೊಂದೇ ಸಾಲದು; ಆಲಂಬನವಾದ ಪಾತ್ರದ ವಿಷಯದಲ್ಲಿ ಕೃತಿಕಾರನಿಗೆ ಸ್ಥಿರವಾದ ದೃಷ್ಟಿಯಿರಬೇಕು. ಅಮೆರಿಕದ ನಿರ್ದೇಶಕ ಟೋಬ್ ಹೂಪರನ ‘ದಿ ಫನ್‌ಹೌಸ್’ (1981) ಚಿತ್ರವು ಈ ಮಾತಿಗೆ ನಿದರ್ಶನವಾಗಿದೆ. ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ (1974) ಚಿತ್ರದಿಂದ ಪ್ರಖ್ಯಾತನಾದವನಿಗೆ ಭಯವನ್ನು ನಿರ್ಮಿಸುವ ಶಕ್ತಿಯಿಲ್ಲವೆನ್ನುವಂತಿಲ್ಲ. ಆದರೂ ಈ ಚಿತ್ರವು ನೀರಸವಾಗಿದೆ. ಇದಕ್ಕೆ ಕಾರಣವೇನು?

ಕಥೆ ಸರಳವಾದುದು. ಊರೂರು ಸುತ್ತುವ ಕಾರ್ನಿವಲ್ಲಿಗೆ ಬಂದ ನಾಲ್ವರು ತರುಣ ತರುಣಿಯರು ಅಲ್ಲಿಯ ಭೂತದ ಮನೆಯಲ್ಲಿ ರಾತ್ರಿ ಅಡಗಿ ಉಳಿಯುತ್ತಾರೆ. ಕಣಿ ಹೇಳುವ ಹೆಂಗಸಿನ ಕೊಲೆಯೊಂದು ಅವರ ಕಣ್ಣಿಗೆ ಬೀಳುತ್ತದೆ. ಅನಂತರ ಅವರು ಒಬ್ಬೊಬ್ಬರಾಗಿ ಹತರಾಗಿ, ಏಮಿ ಎಂಬವಳೊಬ್ಬಳೇ ಬದುಕಿ ಉಳಿಯುತ್ತಾಳೆ.

ಉದ್ದೀಪನಕ್ಕೆ ಇಲ್ಲಿ ಕೊರತೆಯಿಲ್ಲ. ಬಣ್ಣದ ದೀಪಗಳು, ನಗುವ ಯಂತ್ರದ ಗೊಂಬೆ, ಎರಡು ತಲೆಯ ಹಸುವಿನ ಪ್ರದರ್ಶನ, ಇವೆಲ್ಲ ಸಮರ್ಥವಾಗಿ ಚಿತ್ರಿತವಾಗಿವೆ. ಹೊರಗೆ ನಿಂತ ತಂದೆತಾಯಿಗಳನ್ನು ಏಮಿ ಕೂಗಿ ಕರೆಯುವಾಗ ಗಾಳಿಯಂತ್ರದ ಸದ್ದಿನಲ್ಲಿ ಅವಳ ದನಿ ಅಡಗಿಹೋಗುವ ಸನ್ನಿವೇಶವಂತೂ ನಿಜವಾಗಿಯೂ ಮನಕಲಕುತ್ತದೆ.

ದೋಷವಿರುವುದು ಆಲಂಬನದಲ್ಲಿ. ಕೊಲೆಗಾರನು ಭೂತದ ಮನೆಗೆ ಜನರನ್ನು ಕೂಗಿ ಕರೆಯುವವನ ಮಗ, ಮಾತು ಬಾರದವನು, ವಿರೂಪವಾದ ಮುಖವನ್ನು ಫ್ರಾಂಕನ್‌ಸ್ಟೈನ್ ಮುಖವಾಡದಡಿ ಮರೆಸಿಕೊಂಡವನು. ಅವಮಾನ ತಾಳದೆ ಕೊಲೆ ಮಾಡುತ್ತಾನೆ. ತಂದೆಯಿಂದ ನಿಂದೆಗೆ ಗುರಿಯಾಗುತ್ತಾನೆ. ಇಲ್ಲಿ ಪ್ರೇಕ್ಷಕನಲ್ಲಿ ಶೋಕವು ಅಂಕುರಿಸುತ್ತದೆ. ಆದರೆ ಮುಖವಾಡ ಕಳಚಿದೊಡನೆ ಚಿತ್ರವು ಆ ಅಂಕುರವನ್ನು ಚಿವುಟಿಹಾಕಿ, ಅವನನ್ನು ಬರಿಯ ಮೃಗವನ್ನಾಗಿ ಮಾಡುತ್ತದೆ. ಮುಂದಿನದು ಓಟ, ಚೀರಾಟ, ಸಾವು. ಮೊದಲೇ ಊಹಿಸಬಹುದಾದ ಅನುಕ್ರಮ.

ಆ ಮುಖವಾಡದ ಮೂಲವಾದ, ಜೇಮ್ಸ್ ವೇಲನು 1931ರಲ್ಲಿ ನಿರ್ದೇಶಿಸಿದ ‘ಫ್ರಾಂಕನ್‌ಸ್ಟೈನ್’ ಚಿತ್ರವನ್ನು ಇಲ್ಲಿ ನೆನೆಯಬಹುದು. ಅಲ್ಲಿಯ ವಿಕೃತಜೀವಿಯು ಕೊಳದ ಬಳಿ ಬಾಲಿಕೆಯೊಡನೆ ಹೂವಾಡುತ್ತಾನೆ. ತಿಳಿಯದೆ ಅವಳ ಸಾವಿಗೆ ಕಾರಣನಾಗುತ್ತಾನೆ. ಅವನಿಗೆ ಹೆದರುತ್ತಲೇ ನಾವು ಅವನಿಗಾಗಿ ಮರುಗುತ್ತೇವೆ. ಕರುಣೆಯಿಂದ ಅಲ್ಲಿ ಭಯವು ಕುಂದಿಲ್ಲ, ಗಾಢವಾಗಿದೆ. ಹೂಪರನು ಮುಖವಾಡವನ್ನು ಎರವಲು ತಂದನು, ಮರುಕವನ್ನು ತರಲಿಲ್ಲ.

ಆದುದರಿಂದ ಈ ಕೊರತೆ ಕೇವಲ ಕಲೆಯದಲ್ಲ, ನೀತಿಯದೂ ಹೌದು. ಹಣ ಪಡೆದು ಅಂಗವೈಕಲ್ಯವನ್ನು ತೋರಿಸುವ ಡೇರೆಯನ್ನು ಚಿತ್ರವು ನಮ್ಮ ಮುಂದೆ ಹೇಯವೆಂಬಂತೆ ನಿಲ್ಲಿಸುತ್ತದೆ. ಕಡೆಗೆ ತಾನೂ ಅಂಥದೇ ಒಂದು ಡೇರೆಯಾಗುತ್ತದೆ.