ಗೊಂಬೆಯೊಳಗಿನ ಹಾಲೆಮರ

ಚನ್ನಪಟ್ಟಣದ ಗೊಂಬೆ ಅಂಗಡಿಗಳಲ್ಲಿ ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕಸುಬುದಾರರನ್ನು ಕರೆಸಿದ ಕಥೆ, ಕುಶಲಕರ್ಮಿ ಬಾವಾಸ್ ಮಿಯಾ ಜಪಾನಿನ ತಂತ್ರ ತಂದ ಕಥೆ ಎರಡೂ ಸಿಗುತ್ತವೆ. ಗೊಂಬೆಗೆ ಮೈಕೊಟ್ಟ ಮರದ ವಿಷಯ ಬಂದರೆ ಮಾತ್ರ ‘ಆಲೆಮರ’ ಎಂಬ ಒಂದೇ ಪದ. ಇಷ್ಟು ಹೆಸರಾದ ಕಸುಬಿನ ಬಣ್ಣನೆಯಲ್ಲಿ ಇದು ದೊಡ್ಡ ಕೊರತೆಯೇ.

ಅಂಗಡಿಯ ಆಲೆಯೇ ಹಾಲೆ; ಆ ಹೆಸರಲ್ಲೇ ಹಾಲಿದೆ. ಎಲೆ ಕಿತ್ತರೆ ತೊಟ್ಟಿನಿಂದ ಬಿಳಿ ಹಾಲು ಜಿನುಗುತ್ತದೆ. ಎಲೆಗಳು ಎದುರುಬದುರು ಜೋಡಿ. ಬೇಸಿಗೆಯಲ್ಲಿ ಬಿಡುವ ಬಿಳಿ ಹೂವಿಗೆ ಐದು ಎಸಳು, ನಡುವೆ ಕುಚ್ಚಿನಂಥ ಎಳೆಗಳು, ಅವುಗಳ ಮಧ್ಯೆ ಶಲಾಕೆಯನ್ನು ಸುತ್ತುಗಟ್ಟಿ ಮೊನೆಯಾಗಿ ನಿಂತ ಕೇಸರಗಳು. ಮೊಳದುದ್ದದವರೆಗೂ ಬೆಳೆಯಬಲ್ಲ ಕಾಯಿಗಳು ಎರಡೆರಡಾಗಿ ಇಳಿಬಿದ್ದು, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಣಗಿ ಸೀಳಿದಾಗ ರೇಷ್ಮೆಯಂಥ ಜುಟ್ಟಿರುವ ಬೀಜಗಳು ಗಾಳಿಗೆ ಹಾರುತ್ತವೆ.

ಇವೆಲ್ಲ ಕಣಗಿಲೆ ಕುಟುಂಬದ, ಅಂದರೆ ಅಪೊಸೈನೇಸಿಯ ಲಕ್ಷಣಗಳು. ಸುಮಾರು 5,000 ಪ್ರಭೇದಗಳ ಈ ಬಳಗದಲ್ಲಿ ಅಂಗಳದ ನಂದಿಬಟ್ಟಲು, ಬೇಲಿಯ ಎಕ್ಕ, ರಾಮನಗರ-ಮಾಗಡಿ ಕಡೆಯ ಬಂಡೆಗುಡ್ಡಗಳಲ್ಲಿ ಹಬ್ಬುವ ಮಾಕಳಿ ಎಲ್ಲವೂ ಇವೆ. ಕರಾವಳಿಯವರು ಆಟಿ ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ಕೆತ್ತುವ ಹಾಲೆ ಬೇರೆ ಮರ. ಕುಟುಂಬ ಮಾತ್ರ ಇದೇ. ಗೊಂಬೆಯ ಹಾಲೆಗೆ ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ರೈಟಿಯ ಟಿಂಕ್ಟೋರಿಯ. ವಿಲಿಯಂ ರೈಟ್ ಎಂಬ ಸ್ಕಾಟಿಷ್ ವೈದ್ಯನ ಹೆಸರು ಅದರ ಮೊದಲ ಪದದಲ್ಲಿದೆ; ಎಲೆಯಿಂದ ನೀಲಿ ಬಣ್ಣ ತೆಗೆಯುತ್ತಿದ್ದರೆಂಬ ನೆನಪು ಎರಡನೆಯದರಲ್ಲಿದೆ.

ಕಸುಬಿಗೆ ಬೇಕಾದದ್ದು ಇದರ ದಂತದಂಥ ಬಿಳುಪು, ನುಣುಪಾದ ಒತ್ತೆಳೆ. ತಿಂಗಳುಗಟ್ಟಲೆ ಒಣಗಿಸಿದ ತುಂಡನ್ನು ಲೇತ್‌ಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಮೇಲೆ ತಾಳೆಗರಿಯಿಂದ ತಿಕ್ಕಿದರೆ ಹೊಳಪು ಏಳುತ್ತದೆ. ಅರಿಸಿನದ ಹಳದಿ ಅಷ್ಟು ತಿಳಿಯಾಗಿ ಕಾಣುವುದು ಅಡಿಯ ಮರ ಬಿಳಿಯಾಗಿರುವುದರಿಂದ.

ಈಗ ರಬ್ಬರ್ ಮರವೂ ಲೇತ್ ಏರಿದೆ. ಅದರಲ್ಲೂ ಹಾಲಿದೆ, ಆದರೆ ಅದು ಹರಳಿನ ಕುಟುಂಬದ್ದು. ಕಾಯಿ ಮೂರು ಕೋಣೆಯದು, ಸಿಡಿದು ಬೀಜ ಎಸೆಯುತ್ತದೆ. ಹಾಲು ಸುರಿಸಿ ಮುಗಿದ ತೋಟದ ಮರ ಬಳಸುವುದರಿಂದ ಕಾಡಿನ ಮೇಲಿನ ಹೊರೆ ತಗ್ಗುತ್ತದೆ, ಇದನ್ನು ಒಪ್ಪಲೇಬೇಕು. ಆದರೂ ರಬ್ಬರಿನ ರಂಧ್ರಗಳು ದಪ್ಪ. ಉಪಚರಿಸದೆ ಬಿಟ್ಟರೆ ಹುಳು, ಬೂಷ್ಟು ಬೇಗ ಹಿಡಿಯುತ್ತವೆ. ಎರಡನ್ನೂ ಒಂದೇ ಹೆಸರಲ್ಲಿ ಮಾರುವುದು ತಪ್ಪು. ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮಗು ಬಾಯಿಗಿಡುವ ಗಿಲಕಿ ಯಾವ ಮರದ್ದೆಂದು ಚೀಟಿಯಲ್ಲಿ ಬರೆಯುವುದು ಆ ಮಾನ್ಯತೆ ಪಡೆಯುವುದಕ್ಕಿಂತ ಕಷ್ಟದ ಕೆಲಸವಲ್ಲ.

ಚೀಟಿಯ ಪಕ್ಕದಲ್ಲಿ, ತುದಿ ಅಂಟಿದ ಹಾಲೆಯ ಒಣಕಾಯಿಯ ಜೋಡಿಯೊಂದನ್ನೂ ಅಂಗಡಿಯವರು ತೂಗುಹಾಕಲಿ. ಮಕ್ಕಳು ಅದನ್ನು ಸೀಳಿ ಬೀಜ ಊದಿ ನೋಡಲಿ.