ಮೂಗು ಎಂಬ ಕಠಿಣ ಪಾಠ

ಭಾವಚಿತ್ರ ಕಲಿಯುವವರು ಕಣ್ಣಿಗೆ ಮೊದಲು ಮನಸೋಲುತ್ತಾರೆ; ಮುಖಕ್ಕೆ ಘನತೆ ತರುವುದು ಮಾತ್ರ ಮೂಗು. ಅದಕ್ಕೆ ಕಣ್ಣು, ತುಟಿಗಳಂತೆ ಸ್ಪಷ್ಟ ಅಂಚಿಲ್ಲ. ಎರಡು ಗೆರೆ ಎಳೆದರೆ ಮೂಗು ಮುಖಕ್ಕೆ ಅಂಟಿಸಿದಂತೆ ಕಾಣುತ್ತದೆ. ಅದನ್ನು ಕಟ್ಟಬೇಕಾದದ್ದು ನೆರಳಿನಿಂದ.

ಹುಬ್ಬುಗಳ ನಡುವಿನಿಂದ ಇಳಿಯುವ ಮೂಳೆ ಅರ್ಧದಾರಿಯಲ್ಲೇ ಮುಗಿಯುತ್ತದೆ; ಮುಂದಿನದು ಮೃದ್ವಸ್ಥಿ. ಅದಕ್ಕೇ ಅಲ್ಲೊಂದು ಸಣ್ಣ ಏರಿಳಿತ. ತುದಿಯ ಗುಂಡು, ಎರಡು ಹೊಳ್ಳೆ, ಬೆಳಕು ತಲುಪದ ಅಡಿಭಾಗ: ಇಷ್ಟನ್ನು ಬೇರೆಬೇರೆಯಾಗಿ ಕಂಡವರಿಗೆ ಮೂಗು ಒಲಿಯುತ್ತದೆ. ಹೊಳ್ಳೆಯ ತೂತನ್ನು ಕಡುಕಪ್ಪು ಮಾಡದೆ 2ಬಿ ಪೆನ್ಸಿಲಿನಿಂದ ಮೆಲ್ಲಗೆ ತೀಡಿದರೆ ಸಾಕು.

ನಮ್ಮ ಪರಂಪರೆಯೂ ಮೂಗಿನ ಬಗ್ಗೆ ಆಳವಾಗಿ ಯೋಚಿಸಿದೆ. ಕಲಾವಿದ ಅವನೀಂದ್ರನಾಥ ಠಾಕೂರರು 1914ರಲ್ಲಿ ಪ್ರಕಟಿಸಿದ ಭಾರತೀಯ ಅಂಗರಚನೆಯ ಪ್ರಬಂಧದಲ್ಲಿ ಮೂಗಿಗೆ ಎಳ್ಳಿನ ಹೂವಿನ, ಗಿಳಿಯ ಕೊಕ್ಕಿನ ಮಾದರಿಗಳಿವೆ. ಅದಕ್ಕೆ ಚಿತ್ರ ಬರೆದವರಲ್ಲಿ ನಂದಲಾಲ ಬೋಸರ ಜೊತೆ ನಮ್ಮ ಕೆ. ವೆಂಕಟಪ್ಪನವರೂ (1886–1965) ಇದ್ದರು. ಮೈಸೂರು ಅರಮನೆಯ ಚಿತ್ರಕಾರರ ಮನೆತನದ ಕುಡಿ ಅವರು; ಕಲ್ಕತ್ತೆಯಲ್ಲಿ ಪಳಗಿದ ಕೈ ಅವರದು.

ನೋಡಿ ಕಲಿಯಲು ಬೆಂಗಳೂರಿನ ಲಗ್ಗೆರೆಯಲ್ಲಿ ಮಾದರಿಗಳಿಗೆ ಬರವಿಲ್ಲ. ವರ್ತುಲ ರಸ್ತೆಯ ಬಸ್ ನಿಲ್ದಾಣದಲ್ಲಿ ಸಂಜೆಯ ಓರೆಬಿಸಿಲು ಬಿದ್ದಾಗ ಚಪ್ಪಟೆ, ಚೂಪು, ಬಾಗಿದ, ಮೂಗುತಿಯ ಮೂಗುಗಳೆಲ್ಲ ತಮ್ಮ ನೆರಳನ್ನು ತಾವೇ ತೋರಿಸುತ್ತವೆ. ಯಾವುದೂ ಇನ್ನೊಂದರಂತಿಲ್ಲ, ಕಲಿಕೆಯ ಸೊಗಸೇ ಅದು.

ಚಿತ್ರ ಕಲಿಯುತ್ತಿರುವ ಮಕ್ಕಳನ್ನು ಒಮ್ಮೆ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಗೆ ಕರೆದೊಯ್ಯಿರಿ. ಕೈಗಿಂತ ಮೊದಲು ಕಣ್ಣು ಪಳಗಲಿ.